ಎರಡು ಬೆರಳು ಇಳಿದ ಕಾರು

ನಮ್ಮ ಮೊಮ್ಮಗಳು ನಿನ್ನೆ ಮನೆಗೆ ಬಂದಳು! ಶಿವಮೊಗ್ಗದಲ್ಲಿ ಕಾರು ಹತ್ತಿಸುವಾಗ ಕಣ್ಣು ಮುಚ್ಚಿದವಳು, ಭದ್ರಾವತಿಯ ನಮ್ಮ ಮನೆ ಬಾಗಿಲಲ್ಲಿ ಆರತಿಯ ಬೆಳಕು ಮುಖಕ್ಕೆ ಬಿದ್ದ ಮೇಲೆಯೇ ಕಣ್ಣು ಬಿಟ್ಟಿದ್ದು. ನಡುವೆ ಒಂದು ಸಲ ತುಟಿ ಚಪ್ಪರಿಸಿದಳು, ಅಷ್ಟೆ. ಐದು ತಿಂಗಳ ಕೂಸು, ಅಷ್ಟು ದೂರ, ಆ ರಸ್ತೆ, ಒಂದು ಸಲವೂ ಎಚ್ಚರವಾಗಲಿಲ್ಲ! ಬೆಳಿಗ್ಗೆಯಿಂದ ಹಾಲಿನವನಿಗೆ, ಪೇಪರಿನವನಿಗೆ, ಎದುರು ಮನೆಯವರಿಗೆ ಎಲ್ಲರಿಗೂ ಹೇಳಿ ಆಯಿತು. ಕೂಸು ನಿದ್ದೆ ಮಾಡುವುದರಲ್ಲಿ ಏನು ದೊಡ್ಡ ವಿಷಯ ಎನ್ನುವ ಹಾಗೆ ಅವರು ನನ್ನ ಮುಖ ನೋಡಿದರು. ದೊಡ್ಡ ವಿಷಯವೇ. ಆ ನಿದ್ದೆಯನ್ನು ನಾನು ಎರಡು ತಿಂಗಳು ಸುತ್ತಿಗೆಯಲ್ಲಿ ಬಡಿದು ಬಡಿದು ಮಾಡಿದ್ದು. ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಅಕ್ಷರ ಸೊಟ್ಟಗಿದ್ದರೆ ಓದುವವರು ಸುಧಾರಿಸಿಕೊಳ್ಳಬೇಕು.

ಮೊಮ್ಮಗಳ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸುತ್ತಿಗೆ ಎತ್ತಿಸಿದ್ದು ಹೊಟ್ಟೆಕಿಚ್ಚು.

ಮಾಚೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ಲಾರಿಗಳ ಕಮಾನು ರಿಪೇರಿ ನನ್ನ ಕೆಲಸ. ಕಮಾನು ಅಂದರೆ ಗಾಡಿಯ ಭಾರ ಹೊರಲು ಒಂದರ ಕೆಳಗೊಂದು ಜೋಡಿಸಿ ಕಟ್ಟಿದ, ಬಾಗಿದ ಉಕ್ಕಿನ ಪಟ್ಟಿಗಳು. ಮಗ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾದ ವರ್ಷ ಅವನು ಒಂದು ಹಳೇ ಕಾರು ತಂದ. ಅದರ ಹಿಂದಿನ ಯಜಮಾನ ಅದನ್ನು ಕಲ್ಲುದಾರಿಯಲ್ಲಿ ಓಡಿಸುತ್ತಿದ್ದನಂತೆ. ಹೊಟ್ಟೆ ತಾಗಬಾರದೆಂದು ಎತ್ತರ ಮಾಡಿಸಿದ್ದ. ಹಿಂದಿನ ಕಮಾನುಗಳಿಗೆ ಒಂದೊಂದು ಪಟ್ಟಿ ಹೆಚ್ಚಿಗೆ, ಮುಂದಿನ ಸುರುಳಿ ಸ್ಪ್ರಿಂಗುಗಳ ತಲೆಗೆ ದಪ್ಪ ರಬ್ಬರಿನ ಬಿಲ್ಲೆ. ದೂರದಿಂದ ನೋಡಿದರೆ ಕೆಸರು ದಾಟಲು ಸೀರೆ ಎತ್ತಿ ಹಿಡಿದು ನಿಂತ ಹೆಂಗಸಿನ ಹಾಗೆ ಕಾಣುತ್ತಿತ್ತು ನಮ್ಮ ಕಾರು. ತಿರುವಿನಲ್ಲಿ ತೊನೆಯುತ್ತಿತ್ತು, ಗುಂಡಿಯಲ್ಲಿ ಒದೆಯುತ್ತಿತ್ತು. ಜೀವಮಾನವೆಲ್ಲ ಲಾರಿ ನೋಡಿದ ನನಗೆ ಅದೊಂದು ದೋಷ ಎನ್ನಿಸಲೇ ಇಲ್ಲ.

ದೋಷ ಕಂಡಿದ್ದು ಸೊಸೆಗೆ. ಬಸುರಿಯನ್ನು ಡಾಕ್ಟರ ಹತ್ತಿರ ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟಾಗ ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಬೇಕಾಯಿತು. ಇಳಿದು, ಬೇಲಿ ಹಿಡಿದು ವಾಂತಿ ಮಾಡಿಕೊಂಡಳು. ನೀರು ಕೊಟ್ಟರೆ ಬಾಯಿ ಮುಕ್ಕಳಿಸಿ ಹೇಳಿದಳು, "ಮಾವ, ಬೇಜಾರು ಮಾಡ್ಕೋಬೇಡಿ. ಅಪ್ಪನ ಕಾರಲ್ಲಿ ಹೀಗಾಗಲ್ಲ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಅವಳ ಅಪ್ಪ, ಅಂದರೆ ನಮ್ಮ ಬೀಗರು, ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಕಾರುಗಳ ಬಿಡಿಭಾಗದ ಅಂಗಡಿ ಇಟ್ಟವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮೆತ್ತಗಿನ ಮಾತು. ಅವರದೂ ನಮ್ಮಂಥದೇ ಕಾರು, ಅದೇ ಮಾದರಿ, ಬಣ್ಣ ಮಾತ್ರ ಬೇರೆ. ಬೇರೆ ಜಾತಿಯ ದೊಡ್ಡ ಕಾರಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ತಪಾಸಣೆಗೂ ಅವರೇ ಬಂದು ಮಗಳನ್ನು ಕರೆದೊಯ್ದರು. ಸೀಮಂತ ಮುಗಿಸಿ ತವರಿಗೆ ಹೊರಟಾಗಲೂ ಅವರ ಕಾರೇ. ನಾನು ಬಾಗಿಲು ಹಿಡಿದುಕೊಂಡು ನಿಂತೆ, ಹೋಟೆಲಿನ ದರ್ಬಾನನ ಹಾಗೆ. ಕಾರು ಹೊರಟಾಗ ಅದರ ಹಿಂದಿನಿಂದ ಕಿರ್ ಎಂದು ಒಂದು ಸಣ್ಣ ಸದ್ದು ಬಂತು. ಕಮಾನಿನ ಪಟ್ಟಿಗಳ ನಡುವೆ ತುಕ್ಕು ಕೂತಾಗ ಬರುವ ಸದ್ದು. ಬೇರೆ ಯಾರ ಕಿವಿಗೂ ಬೀಳಲಿಲ್ಲ. ಆ ದಿನವೆಲ್ಲ ನನಗೆ ಇದ್ದ ಸಮಾಧಾನ ಅದೊಂದೇ.

ಹೆರಿಗೆ ಶಿವಮೊಗ್ಗದಲ್ಲೇ ಆಯಿತು, ಬಾಣಂತನವೂ ಅಲ್ಲೇ. ಮೊದಲ ಹೆರಿಗೆ ತವರಿನದು, ಅದರಲ್ಲಿ ತಕರಾರಿಲ್ಲ. ಆದರೆ ವಾರ ವಾರ ಬಸ್ಸಿನಲ್ಲಿ ನೋಡಲು ಹೋಗುತ್ತಿದ್ದೆನಲ್ಲ, ಹೋದಾಗಲೆಲ್ಲ ಕೂಸು ಬೀಗರ ತೊಡೆಯ ಮೇಲೆ. ತೊಡೆಗೆ ಹೊಲಿದು ಬಿಟ್ಟಿದ್ದರೋ ಏನೋ. ಅವರು ಕೆಮ್ಮಿದರೆ ನಗುತ್ತಿದ್ದಳು, ನಾನು ಕೆಮ್ಮಿದರೆ ಅಳುತ್ತಿದ್ದಳು. "ಈಗ ಹಾಲು ಕೇಳ್ತಾಳೆ ನೋಡಿ" ಎನ್ನುತ್ತಿದ್ದರು, ಅವಳು ಹಾಗೇ ಕೇಳುತ್ತಿದ್ದಳು. "ಈಗ ಆಕಳಿಸ್ತಾಳೆ" ಎನ್ನುತ್ತಿದ್ದರು, ಆಕಳಿಸುತ್ತಿದ್ದಳು. ನನ್ನ ಮೊಮ್ಮಗಳ ಪಂಚಾಂಗ ಅವರ ಕೈಯಲ್ಲಿತ್ತು.

ಮೂರನೇ ತಿಂಗಳಲ್ಲಿ ಹಿರಿಯರ ನಡುವೆ ಮಾತು ಬಂತು. ಐದನೇ ತಿಂಗಳಿಗೆ ತಾಯಿ ಮಗು ಇಬ್ಬರನ್ನೂ ನಮ್ಮ ಮನೆಗೆ ಕಳಿಸುವುದು ಎಂದು.

"ನಾನೇ ತಂದು ಬಿಡ್ತೀನಿ ಬೀಗರೇ," ಅಂದರು ಅವರು. "ನಿಮ್ಮ ಕಾರು ಬೇಡ ಮಾರಾಯ್ರೆ. ದೊಡ್ಡವರಿಗೇ ಹೊಟ್ಟೆ ತೊಳಸುತ್ತೆ, ಕೂಸಿನ ಗತಿ ಏನು?"

ಅವರು ಕುಹಕದಿಂದ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದರು. ಅದೇ ಹೆಚ್ಚು ಚುಚ್ಚಿತು. "ಮೊಮ್ಮಗಳನ್ನ ನಮ್ಮ ಮನೆ ಕಾರಲ್ಲೇ ಕರ್ಕೊಂಡು ಹೋಗೋದು. ಎರಡು ತಿಂಗಳಿದೆಯಲ್ಲ, ನಾನು ಸರಿ ಮಾಡ್ತೀನಿ," ಎಂದುಬಿಟ್ಟೆ.

ಬೀಗರು ಮಗಳ ಮುಖ ನೋಡಿದರು. ಸೊಸೆ ಕೂಸಿನ ಟೋಪಿ ಸರಿ ಮಾಡುತ್ತಾ ತೀರ್ಮಾನ ಕೊಟ್ಟಳು. "ಮೊದಲು ನಾನೊಬ್ಬಳೇ ಕೂತು ನೋಡ್ತೀನಿ ಮಾವ. ತಲೆ ತಿರುಗದಿದ್ರೆ ನಿಮ್ಮ ಕಾರು. ತಿರುಗಿದ್ರೆ ಅಪ್ಪನ ಕಾರು."

ಮಾರನೇ ಭಾನುವಾರವೇ ಕಾರನ್ನು ಶೆಡ್ಡಿಗೆ ತಂದೆವು. ಟೈರುಗಳಿಗೆ ಸಮನಾಗಿ ಗಾಳಿ ಹಿಡಿಸಿ, ಡಿಕ್ಕಿ ಖಾಲಿ ಮಾಡಿ, ಮಟ್ಟವಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿದೆ. ಒಂದು ಬಿದಿರು ಕಡ್ಡಿಯನ್ನು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಿಲ್ಲಿಸಿ ಗೀರು ಹಾಕಿದೆ. ನಾಲ್ಕು ಗಾಲಿಗೆ ನಾಲ್ಕು ಗೀರು. ನನ್ನ ಅಳತೆ ಎಲ್ಲ ಬೆರಳಿನಲ್ಲಿ.

ಮಗನಿಗೆ ಬೇರೆ ಆಸೆ. "ಇಳಿಸೋದು ಇಳಿಸ್ತೀಯ, ನಾಲ್ಕು ಬೆರಳು ಇಳಿಸಪ್ಪ. ಶಿವಮೊಗ್ಗದಲ್ಲಿ ಹುಡುಗರ ಕಾರು ನೋಡಿದ್ದೀಯಾ? ನೆಲಕ್ಕೆ ಅಂಟ್ಕೊಂಡು ಹೋಗ್ತವೆ."

"ನೋಡಿದ್ದೀನಿ. ಒಳಗೆ ಕೂತವರ ಸೊಂಟ ಕೇಳಿದ್ದೀಯಾ?"

ಅವನನ್ನು ಕೂರಿಸಿ ಹೇಳಿದೆ. ಗಾಲಿಗೆ ಗುಂಡಿ ಸಿಕ್ಕಾಗ ಅದು ಮೇಲೆದ್ದು ಇಳಿಯಲು ಜಾಗ ಬೇಕು. ಆ ಜಾಗದಲ್ಲೇ ಕಮಾನು ಆಡುತ್ತದೆ, ಆ ಆಟವೇ ಸುಖ. ಇಳಿಸಿದ ಪ್ರತಿ ಬೆರಳೂ ಆ ಆಟದಿಂದ ಕದ್ದ ಬೆರಳು. ಆಟ ಮುಗಿದರೆ ಗಾಲಿಗಳ ಅಚ್ಚು ಹೋಗಿ ಮೇಲಿನ ರಬ್ಬರಿಗೆ ಗುದ್ದುತ್ತದೆ, ಆ ಗುದ್ದು ನೇರ ಬೆನ್ನಿಗೆ. ಕಾರು ಎತ್ತರ ಇದ್ದರೆ ತೊನೆದಾಟ, ತಲೆ ತಿರುಗುವುದು ಅದರಿಂದ. ತೀರಾ ತಗ್ಗಿದರೆ ಗುದ್ದಾಟ. ಹಿಂದಿನ ಯಜಮಾನ ಏರಿಸಿದ್ದನ್ನಷ್ಟೇ ಇಳಿಸಬೇಕು, ಜೊತೆಗೆ ಒಂದು ಕೂದಲೆಳೆ. ಎರಡು ಬೆರಳು ಎಂದು ತೀರ್ಮಾನ ಮಾಡಿದೆ. ಮಗನ ಮುಖ ಸಣ್ಣದಾಯಿತು.

ಸುಖವನ್ನು ಅಳೆಯುವುದು ಹೇಗೆ? ಹಿಂದೆ ಗಾಜಿನ ಸಾಮಾನು ಹೊರುವ ಲಾರಿಯವರು ಕಮಾನು ಕಟ್ಟಿಸಿದ ಮೇಲೆ ತುಂಬಿದ ಚೊಂಬು ಇಟ್ಟು ಓಡಿಸಿ ನೋಡುತ್ತಿದ್ದರು. ನಾನೂ ಅದನ್ನೇ ಹಿಡಿದೆ. ನನ್ನ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕೂಸನ್ನು ಹಿಡಿಯುವ ಹಾಗೆ ತೊಡೆಯ ಮೇಲೆ ಕಂಠಪೂರ್ತಿ ನೀರಿನ ಹಿತ್ತಾಳೆ ಚೊಂಬು ಕೊಟ್ಟೆ. ಶೆಡ್ಡಿನಿಂದ ಭದ್ರಾವತಿ ಮನೆವರೆಗೆ ಮಗ ಓಡಿಸಿದ. ಮನೆ ಮುಂದೆ ಚೊಂಬಿನಲ್ಲಿ ಬೆರಳಿಟ್ಟು ನೋಡಿದರೆ ನಾಲ್ಕು ಬೆರಳು ನೀರು ಹೋಗಿತ್ತು.

"ಎಲ್ಲಿ ಹೋಯ್ತು ಅಂತ ಕೇಳ್ಬೇಡಿ," ಎಂದಳು ಆಕೆ, ಒದ್ದೆ ಸೀರೆ ಹಿಂಡುತ್ತಾ. "ಜನ ನೋಡಿದ್ರೆ ಏನಂದ್ಕೋತಾರೆ ನನ್ನ? ರೀ, ನಿಮಗೆ ಇಳಿಸಬೇಕಾಗಿರೋದು ಕಾರಲ್ಲ. ಬೀಗರನ್ನ."

ನಾನು ಚೊಂಬಿನಲ್ಲಿ ಉಳಿದ ನೀರು ಚೆಲ್ಲಿ ಶೆಡ್ಡಿಗೆ ಹೊರಟೆ.

ಹಿಂದಿನಿಂದ ಶುರು ಮಾಡಿದೆ. ಕಮಾನು ನನ್ನ ವಿದ್ಯೆ. ಕಾರನ್ನು ಜಾಕಿನ ಮೇಲೆ ಎತ್ತಿ ಎರಡು ಕಮಾನೂ ಬಿಚ್ಚಿದೆ. ಹೆಚ್ಚಿಗೆ ಹಾಕಿದ್ದ ಪಟ್ಟಿ ನೋಡಿ ನಗು ಬಂತು, ಯಾವುದೋ ಲಾರಿಯದನ್ನು ಕತ್ತರಿಸಿ ತುರುಕಿದ್ದರು. ಇಲಿಗೆ ಎತ್ತಿನ ನೊಗ. ಒದೆತ ಬರುತ್ತಿದ್ದದ್ದು ಅದರಿಂದಲೇ. ಎರಡನ್ನೂ ಎತ್ತಿ ಮೂಲೆಗೆ ಎಸೆದೆ. ಆದರೆ ಅದರ ಆಸರೆಯಲ್ಲಿ ಇಷ್ಟು ವರ್ಷ ಇದ್ದ ಮೂಲದ ಪಟ್ಟಿಗಳು ಸೋತು ಚಪ್ಪಟೆಯಾಗಿದ್ದವು. ಹಾಗೇ ಕಟ್ಟಿದರೆ ಕಾರು ಎರಡಲ್ಲ, ನಾಲ್ಕು ಬೆರಳು ಕೂರುತ್ತಿತ್ತು.

ಅವುಗಳಿಗೆ ಮತ್ತೆ ಬಾಗು ಕೊಡಬೇಕಿತ್ತು. ನನಗೆ ಬೇಕಾದ ಬಾಗನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ. ಪಟ್ಟಿಯನ್ನು ಕಾಯಿಸದೆ, ತಣ್ಣಗಿರುವಾಗಲೇ ಕಬ್ಬಿಣದ ಅಡಿಗಲ್ಲಿನ ಗುಳಿಯ ಮೇಲಿಟ್ಟು ಬಡಿದೆ. ಹೆಬ್ಬೆರಳಿನಷ್ಟು ಅಂತರಕ್ಕೆ ಒಂದು ಪೆಟ್ಟು, ನಡುವಿನಿಂದ ಈ ತುದಿಗೆ ಎಷ್ಟೋ ಆ ತುದಿಗೂ ಅಷ್ಟೇ. ಹತ್ತು ಪೆಟ್ಟಿಗೊಮ್ಮೆ ನೆಲದ ಗೆರೆಯ ಮೇಲಿಟ್ಟು ನೋಡುವುದು. ಕೆಳಗಿನ ಪಟ್ಟಿಗೆ ಮೇಲಿನದಕ್ಕಿಂತ ಸ್ವಲ್ಪ ಹೆಚ್ಚು ಬಾಗು, ಆಗ ನಡುವಿನ ಬೋಲ್ಟು ಬಿಗಿದಾಗ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ತುಕ್ಕು ಉಜ್ಜಿ, ತುದಿಗಳ ಮೊನಚು ಉರುಟು ಮಾಡಿ, ಪಟ್ಟಿಗಳ ನಡುವೆ ಕಪ್ಪು ಗ್ರೀಸು ಹಚ್ಚಿದೆ. ಜಾರಬೇಕು, ಒಂದಕ್ಕೊಂದು ಉಜ್ಜಬಾರದು. ಲಾರಿ ಕೆಲಸ ಮುಗಿಸಿ ಸಂಜೆ ಸಂಜೆ ಕೂತು ಎರಡು ವಾರ ಹಿಡಿಯಿತು. ಪಟ್ಟಿಗಳ ತುದಿಯ ಕಣ್ಣುಗಳಿಗೆ, ಅಂದರೆ ಬೋಲ್ಟು ಹಾಯುವ ತೂತುಗಳಿಗೆ, ಬುಷ್ ಅನ್ನುವ ಹೊಸ ಕೊಳವೆ ಕೂರಿಸಿ, ನಟ್ಟುಗಳನ್ನೆಲ್ಲ ಮೈಯೆಲ್ಲ ಬಲ ಹಾಕಿ ಬಿಗಿದು, ಕಾರು ಕೆಳಗಿಳಿಸಿದೆ.

ಬಿದಿರು ಕಡ್ಡಿ ಹಿಡಿದರೆ ಬರೀ ಅರ್ಧ ಬೆರಳು ಇಳಿದಿತ್ತು.

ನಂಬಲಾಗಲಿಲ್ಲ. ನೆಲದ ಗೆರೆ ಸರಿ, ಬಾಗು ಸರಿ. ಹಿಂದೆ ಕೂತು ಒತ್ತಿದರೆ ಮರದ ಹಲಗೆಯ ಹಾಗೆ ಗಟ್ಟಿ. ಹೆಂಡತಿ ಚೊಂಬು ಹಿಡಿದು ಕೂತಳು, ಮೂರೂವರೆ ಬೆರಳು ನೀರು ಹೋಯಿತು. ಕಮಾನಿಗೆ ಬಲ ಜಾಸ್ತಿಯಾಗಿದೆ ಎಂದು ನಾನು ಲೆಕ್ಕ ಹಾಕಿದೆ. ಮತ್ತೆ ಜಾಕು, ಮತ್ತೆ ಬಿಚ್ಚು. ಎರಡೂ ಕಡೆ ಒಂದೊಂದು ಗಿಡ್ಡ ಪಟ್ಟಿ ತೆಗೆದು ಮತ್ತೆ ಕಟ್ಟಿದೆ, ಮತ್ತೆ ಬಿಗಿದೆ. ಈಗ ಇಳಿಯಿತು. ಆದರೆ ಹಿಂದೆ ಇಬ್ಬರು ಕೂತು ಗುಂಡಿಗೆ ಬಿದ್ದರೆ ಧಡ್ ಎಂದು ರಬ್ಬರಿಗೆ ಗುದ್ದು. ಆ ಸಲ ಚೊಂಬಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಚೊಂಬೇ ಕೈಯಲ್ಲಿರಲಿಲ್ಲ, ಸೀಟಿನ ಕೆಳಗೆ ಉರುಳುತ್ತಿತ್ತು.

"ಇದು ಮೂರನೇ ಸೀರೆ," ಎಂದಳು ಹೆಂಡತಿ. ಕೋಪವಿರಲಿಲ್ಲ. ಅಯ್ಯೋ ಪಾಪ ಅನ್ನುವ ದನಿ. ಕೋಪವೇ ವಾಸಿಯಿತ್ತು.

ಮುಂದಿನ ಸುರುಳಿ ಸ್ಪ್ರಿಂಗು ಇನ್ನೂ ಮುಟ್ಟಿರಲಿಲ್ಲ. ಅದು ನನ್ನ ವಿದ್ಯೆಯಲ್ಲ. ಪಕ್ಕದ ಶೆಡ್ಡಿನ ಗ್ಯಾಸ್ ವೆಲ್ಡರ್ ಬಂದು ಇಣುಕಿದ.

"ಏನ್ ಮೇಸ್ತ್ರಿ, ಒಂದು ತಿಂಗಳಿಂದ ಕಾರಿಗೆ ಪೂಜೆ ಮಾಡ್ತಾ ಇದ್ದೀರಲ್ಲ? ಸ್ಪ್ರಿಂಗಿಗೆ ಎರಡು ನಿಮಿಷ ಬೆಂಕಿ ತೋರಿಸ್ತೀನಿ. ಕೆಂಪಗಾಗಿ ತಾನೇ ಕೂತ್ಕೊಳ್ಳುತ್ತೆ. ಊರಲ್ಲೆಲ್ಲ ಹೀಗೇ ಮಾಡೋದು ಅಣ್ಣಾ."

ಬೇಡವೆಂದೆ. ಉಕ್ಕು ಹಾಗೆ ಕೆಂಪಗಾಗಿ ಒಂದು ಸಲ ಸೋತರೆ ಅದರ ಹದ ಹೋಯಿತು. ಇವತ್ತು ಎರಡು ಬೆರಳು ಕೂತದ್ದು ನಾಳೆ ನಾಲ್ಕು ಬೆರಳು ಕೂರುತ್ತದೆ, ನಾಡಿದ್ದು ಮುರಿಯುತ್ತದೆ. ಅದರ ಮೇಲೆ ನನ್ನ ಮೊಮ್ಮಗಳನ್ನು ಕೂರಿಸುವುದೇ? "ಹಾಗಾದ್ರೆ ಅರ್ಧ ಸುತ್ತು ಕೊಯ್ದು ಬಿಡೋಣ," ಅಂದ. ಸುರುಳಿ ಗಿಡ್ಡವಾದರೆ ಇನ್ನೂ ಗಟ್ಟಿಯಾಗುತ್ತದೆ ಎಂದೆ. ಅವನು ಬೀಡಿ ಹಚ್ಚಿಕೊಂಡು, "ಎಲ್ಲಾ ಬೇಡ ಅಂದ್ರೆ, ಏನು ಬೇಕು ಅಂತ ಯಾರಿಗೆ ಗೊತ್ತೋ ಅವರನ್ನ ಕೇಳಿ," ಎಂದು ಹೋದ.

ಯಾರಿಗೆ ಗೊತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ತೊಂದರೆ. ಮೂರು ದಿನ ಕಾರನ್ನು ಮುಟ್ಟಲಿಲ್ಲ. ಸುಳ್ಳು ಯಾಕೆ ಬರೆಯಲಿ, ಕಾರು ಮಾರಿಬಿಡು ಎಂದು ಮಗನಿಗೆ ಹೇಳಿದೆ ಕೂಡ. ಬೀಗರ ಮುಂದೆ ಹೋಗಿ ನಿಲ್ಲುವುದಕ್ಕಿಂತ ಅದು ಸುಲಭ ಎನ್ನಿಸಿತ್ತು. ಆಗ ಅನ್ನಿಸಿದ್ದು ಇಷ್ಟು: ನಾನು ಹೋಗದೆ ಇದ್ದರೆ ಅವರ ಕಾರು ಗೆಲ್ಲುತ್ತದೆ, ಹೋದರೆ ಅವರು ಗೆಲ್ಲುತ್ತಾರೆ. ಆದರೆ ಹೋದರೆ ಕೂಸು ನಮ್ಮ ಕಾರಿನಲ್ಲಿ ಬರುತ್ತಾಳೆ. ನಾಲ್ಕನೇ ದಿನ ಹೆಂಡತಿಗೆ ಮೊಮ್ಮಗಳನ್ನು ನೋಡಿ ಬರ್ತೀನಿ ಎಂದು ಹೇಳಿ, ತೆಗೆದಿಟ್ಟ ಒಂದು ಗಿಡ್ಡ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮನೆಗೆ ಹೋಗಲಿಲ್ಲ, ನೇರ ಅವರ ಅಂಗಡಿಗೆ.

ಬೀಗರು ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಒಂದೇ ಪ್ರಶ್ನೆ.

"ಬುಷ್ ನಟ್ಟು ಬಿಗಿ ಮಾಡುವಾಗ ಗಾಡಿ ಜಾಕ್ ಮೇಲಿತ್ತೋ, ನೆಲದ ಮೇಲಿತ್ತೋ?"

"ಜಾಕ್ ಮೇಲೆ. ಯಾವಾಗ್ಲೂ ಹಾಗೇ ಅಲ್ವಾ?"

"ಲಾರಿಗೆ ಹಾಗೇ," ಅಂದರು ಮೆತ್ತಗೆ. "ಲಾರಿದು ಹಿತ್ತಾಳೆ ಬುಷ್ಷು, ಸುತ್ತುತ್ತೆ. ಕಾರಿಂದು ರಬ್ಬರು. ಅದು ಸುತ್ತಲ್ಲ, ತಿರುಚ್ಕೊಳ್ಳುತ್ತೆ. ಗಾಳಿಯಲ್ಲಿ ನೇತಾಡ್ತಿರುವಾಗ ಬಿಗಿದ್ರೆ, ನೆಲಕ್ಕಿಳಿಸಿದ ಮೇಲೂ ಗಾಡಿನ ಮೇಲಕ್ಕೇ ತಳ್ತಿರುತ್ತೆ. ಗಟ್ಟಿಯಾಗಿದ್ದು ನಿಮ್ಮ ಕಮಾನಲ್ಲ ಬೀಗರೇ. ಕಮಾನು ನೀವು ಮಾಡಿದ್ದು ಸರಿಯಾಗೇ ಇರುತ್ತೆ."

ಮೂವತ್ತು ವರ್ಷ ಹಿತ್ತಾಳೆ ಬುಷ್ ಬಿಗಿದ ಕೈ, ರಬ್ಬರನ್ನೂ ಹಿತ್ತಾಳೆ ಎಂದೇ ತಿಳಿದಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತವನಿಗೆ ಕಿವಿ ಬಿಸಿಯಾಯಿತು. ಅವರು ನಕ್ಕಿದ್ದರೆ ಎದ್ದು ಬರುತ್ತಿದ್ದೆ. ನಗದೆ ಪೇಪರು ಬಿಚ್ಚಿ ನನ್ನ ಪಟ್ಟಿಯನ್ನು ಬೆಳಕಿಗೆ ಹಿಡಿದು, ತುದಿಯ ಉರುಟಿನ ಮೇಲೆ ಹೆಬ್ಬೆರಳು ಓಡಿಸಿ, "ಇಷ್ಟು ನುಣುಪಾಗಿ ಯಾರು ಮಾಡ್ತಾರೆ ಈಗ," ಎಂದರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಒಳ್ಳೆಯತನದಲ್ಲೂ ನನಗಿಂತ ಒಂದು ಬೆರಳು ಮೇಲೆ.

ಮುಂದಿನ ಸ್ಪ್ರಿಂಗಿನ ಮಾತು ಬಂತು. ಮಗ ಆಸೆಪಟ್ಟಿದ್ದ ಗಿಡ್ಡ ಕೆಂಪು ಸ್ಪ್ರಿಂಗಿನ ಡಬ್ಬ ಅವರಲ್ಲೇ ಇತ್ತು. ತೋರಿಸಿದರು, ಮತ್ತೆ ಮೇಲಿಟ್ಟರು. "ಇದು ಹುಡುಗರ ಶೋಕಿಗೆ. ಕೂಸಿಗೆ ಬೇಡ." ಇರುವ ಸ್ಪ್ರಿಂಗನ್ನೇ ಉಳಿಸಿಕೊಂಡು, ತಲೆಯ ಮೇಲಿನ ದಪ್ಪ ರಬ್ಬರ್ ಬಿಲ್ಲೆ ತೆಗೆದು ತೆಳು ಬಿಲ್ಲೆ ಹಾಕುವುದು. ಪೂರ್ತಿ ತೆಗೆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದು. ಶಾಕ್ ಅಬ್ಸಾರ್ಬರ್ ಮೂರು ಬಗೆ ತಂದಿಟ್ಟರು. ಗ್ಯಾಸಿನದು ಕೈಯಲ್ಲಿ ಒತ್ತಿದರೆ ಇಳಿಯಲು ಮೊಂಡು, ಬಿಟ್ಟರೆ ತಾನೇ ನುಗ್ಗಿ ಬರುತ್ತಿತ್ತು. ಅಗ್ಗದ್ದು ನೀರಿನಲ್ಲಿ ಕೈಯಾಡಿಸಿದ ಹಾಗೆ, ಹಿಡಿತವೇ ಇಲ್ಲ. ನಡುವಿನ ಎಣ್ಣೆಯದು ಒತ್ತಿದರೆ ಸಲೀಸಾಗಿ ಹೋಗಿ, ಎಳೆದರೆ ನಿಧಾನ ಬಂತು. ನಾನು ಅದಕ್ಕೆ ಕೈ ಹಾಕುವುದಕ್ಕೂ ಅವರು "ಅದೇ" ಅನ್ನುವುದಕ್ಕೂ ಸರಿಹೋಯಿತು. ಕಾರು ಇಳಿದಷ್ಟಕ್ಕೆ ಮುಂದೆ ಗುದ್ದು ತಡೆಯುವ ರಬ್ಬರನ್ನೂ ಸ್ವಲ್ಪ ಕೊಯ್ಯಿರಿ, ಆಟ ಉಳಿಯುತ್ತದೆ ಎಂದರು. ಅದು ನನಗೂ ಹೊಳೆದಿತ್ತು. ಹೊಳೆದಿತ್ತು ಎಂದು ಹೇಳಿಯೇ ಬಂದೆ.

ಆ ಭಾನುವಾರ ಗಿಡ್ಡ ಪಟ್ಟಿಗಳನ್ನು ಅವುಗಳ ಜಾಗಕ್ಕೆ ವಾಪಸು ಹಾಕಿದೆ. ಬುಷ್ ನಟ್ಟುಗಳನ್ನು ಸಡಿಲ ಬಿಟ್ಟೇ ಕಾರು ನೆಲಕ್ಕಿಳಿಸಿ, ಮಗನೂ ನಾನೂ ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಒತ್ತಿ ಕುಣಿಸಿದೆವು. ಅದು ತನ್ನ ಜಾಗ ತಾನೇ ಹುಡುಕಿಕೊಂಡು ಕೂತಿತು. ಆಮೇಲೆ ಕಾರಿನ ಅಡಿಯಲ್ಲಿ ಮಲಗಿ, ಗಾಡಿ ತನ್ನ ಗಾಲಿಗಳ ಮೇಲೆ ನಿಂತಿರುವಾಗಲೇ ನಟ್ಟು ಬಿಗಿದೆ. ಮುಂದೆ ತೆಳು ಬಿಲ್ಲೆ, ಹೊಸ ಶಾಕ್ ಅಬ್ಸಾರ್ಬರ್. ಬಿದಿರು ಕಡ್ಡಿ ಹಿಡಿದೆ. ಹಿಂದೆ ಎರಡು ಬೆರಳು. ಮುಂದೆ ಎರಡು ಬೆರಳಿಗೆ ಒಂದು ನೂಲು ಕಮ್ಮಿ. ಮಡ್‌ಗಾರ್ಡನ್ನು ಮೊಣಕಾಲಲ್ಲಿ ಒತ್ತಿ ಬಿಟ್ಟರೆ ಒಂದು ಸಲ ಎದ್ದು ಸುಮ್ಮನೆ ಕೂತಿತು. ಸೀರೆ ಇಳಿಬಿಟ್ಟು ಮರ್ಯಾದೆಯಿಂದ ನಿಂತಿತ್ತು ನಮ್ಮ ಕಾರು.

ಹೆಂಡತಿ ಈ ಸಲ ಹಳೇ ಸೀರೆ ಉಟ್ಟೇ ಬಂದಿದ್ದಳು. ಮನೆ ಮುಂದೆ ಇಳಿದು ಚೊಂಬನ್ನು ನನ್ನ ಕೈಗೆ ಕೊಟ್ಟಳು. ಒಂದು ಬೆರಳೂ ಪೂರ್ತಿ ಹೋಗಿರಲಿಲ್ಲ.

"ಅದು ನಾನು ಕುಡ್ದಿದ್ದು," ಎಂದಳು. "ಬಾಯಾರಿಕೆ ಆಗಿತ್ತು."

ಅದು ನಿಜವೋ ಅಲ್ಲವೋ ಇವತ್ತಿಗೂ ಹೇಳಿಲ್ಲ.

ಸೊಸೆಯ ಪರೀಕ್ಷೆ ಬಾಕಿಯಿತ್ತು, ಕಾರನ್ನು ಶಿವಮೊಗ್ಗಕ್ಕೆ ತಂದೆವು. ಕೂಸನ್ನು ಬೀಗರ ತೊಡೆಯಲ್ಲಿ ಬಿಟ್ಟು ಆಕೆ ಹಿಂದೆ ಕೂತಳು. ಮಗ ಓಡಿಸಿದ, ನಾನು ಅವನ ಪಕ್ಕ. ತುಂಗೆಯ ಸೇತುವೆ ದಾಟಿ, ತಿರುಗಿಸಿಕೊಂಡು, ಬೇಕೆಂದೇ ಗುಂಡಿಗಳಿರುವ ಬೀದಿಗಳಲ್ಲಿ ಹಾದು ಬಂದೆವು. ಕನ್ನಡಿಯಲ್ಲಿ ಸೊಸೆಯ ಮುಖ ನೋಡಿದರೆ ಕಣ್ಣು ಮುಚ್ಚಿದ್ದಳು. ಮತ್ತೆ ಬೇಲಿ ಹಿಡಿಯುತ್ತಾಳೆ ಎಂದುಕೊಂಡೆ. ಮನೆ ಮುಂದೆ ಇಳಿದು, ಸೀದಾ ಒಳಗೆ ಹೋಗಿ, ಅಡುಗೆಮನೆಯಿಂದ ಕೂಗಿದಳು: "ಅಮ್ಮಾ, ಎರಡು ಇಡ್ಲಿ ಉಳಿದಿತ್ತಲ್ಲ, ಎಲ್ಲಿಟ್ಟೆ? ಹಸಿವಾಗ್ತಿದೆ."

ಬೀಗರು ಜಗಲಿಯಲ್ಲಿ ಕೂಸನ್ನು ಆಡಿಸುತ್ತಿದ್ದರು. ನಾನು ಅವರ ಮುಖ ನೋಡಿದೆ. ಗೆದ್ದವನು ಸೋತವನ ಮುಖ ನೋಡಲೇಬೇಕಲ್ಲ. ಅವರು ಕೂಸಿನ ಕಾಲ್ಬೆರಳು ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ.

ನಿನ್ನೆ ಮಧ್ಯಾಹ್ನ ಮಡಿಲು ತುಂಬಿಸಿಕೊಂಡು ಸೊಸೆ ನಮ್ಮ ಕಾರಿಗೆ ಹತ್ತಿದಳು, ತೊಡೆಯಲ್ಲಿ ಮೊಮ್ಮಗಳು, ಪಕ್ಕದಲ್ಲಿ ನನ್ನ ಹೆಂಡತಿ, ಚೊಂಬಿಲ್ಲದೆ. ಮಾಚೇನಹಳ್ಳಿ ಹತ್ತಿರ ಡಾಂಬರು ಕಿತ್ತುಹೋದ ಕಡೆ ನಾನು ಉಸಿರು ಹಿಡಿದೆ. ಕಾರು ಒಮ್ಮೆ ಬಗ್ಗಿ, ಒಮ್ಮೆ ಎದ್ದು, ಮುಂದೆ ಹೋಯಿತು. ಗ್ಯಾಸ್ ವೆಲ್ಡರ್ ಶೆಡ್ಡಿನ ಬಾಗಿಲಲ್ಲಿ ನಿಂತು ಕೈ ಎತ್ತಿದ. ಹಾರ್ನು ಹೊಡೆಯಲು ಹೋದ ಮಗನ ಕೈಗೆ ನಾನು ಒಂದು ಕೊಟ್ಟೆ. ಆಗಲೇ ಕನ್ನಡಿಯಲ್ಲಿ ಕಂಡದ್ದು, ನಮ್ಮ ಹಿಂದೆ ಬೀಗರ ಕಾರು. ಬೀಗರು, ಬೀಗಿತ್ತಿ ಇಬ್ಬರೇ. ಹಿಂದಿನ ಸೀಟಿನಲ್ಲಿ ಕೂಸಿನ ತೊಟ್ಟಿಲು, ಬಟ್ಟೆಯ ಗಂಟು. ಖಾಲಿ ತೊಟ್ಟಿಲು ಪ್ರತಿ ಗುಂಡಿಗೂ ತೂಗುತ್ತಿತ್ತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಡುಮನೆಯಲ್ಲಿ ಬಾಳೆಲೆ ಹಾಕಿ ಎರಡು ಸಾಲು. ಕಾಯಿಹೋಳಿಗೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ತೊಟ್ಟಿಲನ್ನು ನಡುವೆಯೇ ಇಟ್ಟಿದ್ದೆವು. ಮಗ ಜೋರಾಗಿ ಹೇಳುತ್ತಿದ್ದ, "ಎಲ್ಲಾ ಅಪ್ಪಂದೇ ಕೈ. ಒಬ್ಬನೇ ಮಾಡಿದ್ದು." ಬೀಗರು "ಹೌದು ಹೌದು" ಎಂದರು. ಅಂಗಡಿಯ ಮಾತು ಎತ್ತಲೇ ಇಲ್ಲ. ಅವರ ಎಲೆಯಲ್ಲಿ ಮೊದಲು ಬಡಿಸಿದ ಹೋಳಿಗೆ ಹಾಗೇ ಇತ್ತು. ತುದಿ ಮುರಿದು ಕೈಯಲ್ಲಿ ಹಿಡಿದು ತೊಟ್ಟಿಲ ಕಡೆ ನೋಡುತ್ತಿದ್ದರು. ಆ ನೋಟ ಎಂಥದು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಐದು ತಿಂಗಳು ಅವರ ಜಗಲಿಯಲ್ಲಿ ಕೂತು ನಾನು ನೋಡುತ್ತಿದ್ದದ್ದು ಹಾಗೆಯೇ. ಆ ರಾತ್ರಿ ಅವರು ಮನೆಗೆ ಹೋದರೆ, ಈಗ ಆಕಳಿಸುತ್ತಾಳೆ ಎಂದು ಹೇಳಲು ಅಲ್ಲಿ ಕೂಸೇ ಇರುವುದಿಲ್ಲ.

"ಒಬ್ಬನೇ ಮಾಡಿಲ್ಲ ಕಣೋ," ಎಂದೆ ಮಗನಿಗೆ. "ಮುಂದಿಂದು ಪೂರ್ತಿ ಬೀಗರದ್ದು. ಹಿಂದೆ ನಾನು ಮಾಡಿದ ತಪ್ಪು ಹಿಡಿದದ್ದೂ ಅವರೇ. ನಾನು ಅವರ ಅಂಗಡಿಗೆ ಹೋಗಿದ್ದೆ."

ಹೆಂಡತಿ ಸೌಟು ಹಿಡಿದು ನಿಂತುಬಿಟ್ಟಳು. "ಓಹೋ, ಅವತ್ತು ಮೊಮ್ಮಗಳನ್ನ ನೋಡೋಕೆ ಕಬ್ಬಿಣದ ಪಟ್ಟಿ ತಗೊಂಡು ಹೋದ್ರಲ್ಲ, ಅದಕ್ಕಾ!"

ಎಲ್ಲರೂ ನಕ್ಕರು, ಬೀಗರೂ. ನಾನು ಅವರ ಕಡೆ ಬಗ್ಗಿ ಹೇಳಿದೆ, "ಬೀಗರೇ, ನಿಮ್ಮ ಕಾರು ಹಿಂದೆ ಕಿರ್ ಅನ್ನುತ್ತೆ. ಸೀಮಂತದ ದಿನದಿಂದ ಕೇಳ್ತಾ ಇದ್ದೀನಿ. ಶನಿವಾರ ತಗೊಂಡು ಬನ್ನಿ, ಕಮಾನು ಬಿಚ್ಚೋಣ. ಎರಡು ದಿನದ ಕೆಲಸ. ಇಲ್ಲೇ ಉಳ್ಕೊಳ್ಳಿ."

ಪಟ್ಟಿ ಉಜ್ಜಿ ಗ್ರೀಸು ಹಚ್ಚಲು ಅರ್ಧ ದಿನ ಸಾಕು. ಬಿಡಿಭಾಗ ಮಾರುವ ಅವರಿಗೆ ಅದು ನನ್ನಷ್ಟೇ ಗೊತ್ತು. ಅವರು ತೊಟ್ಟಿಲು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಹೋಳಿಗೆಯ ಚೂರನ್ನು ತುಪ್ಪಕ್ಕೆ ಅದ್ದಿದರು.

"ಎರಡು ದಿನದಲ್ಲಿ ಮುಗಿಯುತ್ತಾ ಮಾರಾಯ್ರೆ?" ಎಂದರು. "ರಬ್ಬರ್ ಬುಷ್ಷು ಬೇರೆ ಇದೆ. ಮೂರು ದಿನ ಬೇಕಾಗ್ಬೋದು."

"ಮೂರು ಬೇಕೇ ಬೇಕು," ಎಂದು ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.